ಜಾಗಕ್ಕೆ ಅಂಟಿಸಿದ ಟಿಪ್ಪಣಿ ಹಳೆಯದಾದರೆ ಏನು ಮಾಡ್ತೀರಿ?

ದಾರಿಹೋಕ:
ಎಲ್ಲರಿಗೂ ನಮಸ್ಕಾರ. ನಾವು ಒಂದಷ್ಟು ಜನ ಸೇರಿ ನಡಿಗೆಯ ಗುಂಪು ಮಾಡಿಕೊಂಡಿದ್ದೇವೆ. ದಾರಿಯಲ್ಲಿ ಕಣ್ಣಿಗೆ ಬಿದ್ದದ್ದನ್ನು ಒಬ್ಬರಿಗೊಬ್ಬರು ತಿಳಿಸುತ್ತೇವೆ. ಈ ಗೇಟು ಈಗ ಮುಚ್ಚಿದೆ, ಆ ಮೆಟ್ಟಿಲು ಮಳೆಗೆ ಜಾರುತ್ತದೆ, ಇಲ್ಲಿ ಕುಡಿಯುವ ನೀರು ಬರುತ್ತಿದೆ, ಆ ತಿರುವಿನಲ್ಲಿ ದೀಪ ಇಲ್ಲ, ಹೀಗೆ. ಇಷ್ಟು ದಿನ ಎಲ್ಲವನ್ನೂ ಚಾಟ್ ಗುಂಪಿನಲ್ಲೇ ಹಾಕುತ್ತಿದ್ದೆವು. ಲೊಕೇಶನ್ ಕಳಿಸಿ ಕೆಳಗೆ ಒಂದು ಸಾಲು ಬರೆದರೆ ಮುಗೀತು. ಆದರೆ ಮಾರನೇ ದಿನಕ್ಕೆ ಅದು ಶುಭೋದಯದ ಚಿತ್ರಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಆ ಗೇಟಿನ ಮುಂದೆ ಹೋಗಿ ನಿಂತವರಿಗೆ ಆ ಸಾಲು ಸಿಗುವುದೇ ಇಲ್ಲ.

ಹಾಗಾಗಿ ಮಾತು ಜಾಗಕ್ಕೇ ಅಂಟಿಕೊಂಡಿರಬೇಕು ಅಂತ ನಮ್ಮ ಆಸೆ. ಫೋನ್ ತೆಗೆದರೆ ಸುತ್ತಮುತ್ತ ಯಾರು ಏನು ಬರೆದಿದ್ದಾರೆ ಅಂತ ನಕ್ಷೆಯ ಮೇಲೆ ಕಾಣಬೇಕು. ಅದರ ಕೆಳಗೆ ಇನ್ನೊಬ್ಬರು ಉತ್ತರ ಬರೆಯುವ ಹಾಗಿರಬೇಕು. ಇದಕ್ಕೆ ಯಾವ ಆ್ಯಪ್ ಒಳ್ಳೆಯದು ಅನ್ನುವುದು ಒಂದು ಪ್ರಶ್ನೆ. ನನಗೆ ಅದಕ್ಕಿಂತ ಜಾಸ್ತಿ ಕಾಡುತ್ತಿರುವುದು ಇನ್ನೊಂದು. ಮಳೆಗಾಲದಲ್ಲಿ ಬರೆದ "ಇಲ್ಲಿ ವಿಪರೀತ ಕೆಸರು" ಅನ್ನುವ ಟಿಪ್ಪಣಿ ಬೇಸಿಗೆಯಲ್ಲೂ ಅಲ್ಲೇ ಕೂತಿರುತ್ತದಲ್ಲ, ಅದನ್ನು ಯಾರು ತೆಗೆಯಬೇಕು? ಬರೆದವರೇ ಬಂದು ತೆಗೆಯಲಿ ಅಂತ ಕಾಯಬೇಕಾ? ಅನುಭವ ಇರುವವರು ಹೇಳಿ.

ನಕ್ಷೆಮನೆ:
ನಾನು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಕೆಲಸ ಮಾಡುವ ಸ್ವಯಂಸೇವಕ. 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ ಇದು. ನೀವು ಕೇಳುತ್ತಿರುವ ಸೌಲಭ್ಯ ಅದರಲ್ಲಿ 2013ರಿಂದ ಇದೆ. ನಕ್ಷೆಯ ಮೇಲೆ ಒಂದು ಕಡೆ ಪಿನ್ ಇಟ್ಟು ಟಿಪ್ಪಣಿ ಬರೆಯಬಹುದು. ಬೇರೆಯವರು ಅದರ ಕೆಳಗೆ ಮಾತು ಸೇರಿಸಬಹುದು. ವಿಷಯ ಬಗೆಹರಿದ ಮೇಲೆ ಯಾರಾದರೂ "ಮುಗಿಯಿತು" ಅಂತ ಮುಚ್ಚುತ್ತಾರೆ. ಮುಚ್ಚಿದ ಟಿಪ್ಪಣಿ ಸುಮಾರು ಒಂದು ವಾರ ನಕ್ಷೆಯ ಮೇಲೆ ಕಂಡು ಆಮೇಲೆ ಮರೆಯಾಗುತ್ತದೆ. ಫೋನಿನಲ್ಲಿ ಸ್ಟ್ರೀಟ್‌ಕಂಪ್ಲೀಟ್, ಓಎಸ್‌ಎಂಆ್ಯಂಡ್ ಥರದ ಆ್ಯಪ್‌ಗಳಿಂದಲೇ ಇದನ್ನು ಬರೆಯಬಹುದು. ಸ್ಟ್ರೀಟ್‌ಕಂಪ್ಲೀಟ್‌ನಲ್ಲಿ ಫೋಟೋ ಕೂಡ ಸೇರಿಸಬಹುದು.

ಒಂದು ಎಚ್ಚರಿಕೆ. ಆ ಟಿಪ್ಪಣಿಗಳು ಇರುವುದು ನಕ್ಷೆಯನ್ನು ಸರಿಪಡಿಸಲಿಕ್ಕೆ. ಅವು ಜಗತ್ತಿಗೆಲ್ಲ ಕಾಣುತ್ತವೆ, ಬರೆದವರು ತಾವಾಗಿ ಅಳಿಸಲು ಆಗುವುದಿಲ್ಲ. "ಇಲ್ಲಿ ಇವತ್ತು ಜನ ಜಾಸ್ತಿ", "ಇಲ್ಲಿನ ನೋಟ ಚೆಂದ" ಇಂಥದ್ದಕ್ಕೆ ಅದು ಜಾಗವಲ್ಲ.

ಬರೆಯುವ ರೀತಿಯ ಬಗ್ಗೆಯೂ ಹೇಳಬೇಕು. ನಮಗೆ ದಿನವೂ "ಈ ದಾರಿ ಸರಿ ಇಲ್ಲ" ಅನ್ನುವಂಥ ಟಿಪ್ಪಣಿ ಬರುತ್ತವೆ. ಸರಿ ಇಲ್ಲ ಅಂದರೆ ಏನು? ದಾರಿ ಇಲ್ಲವಾ? ಹಾಳಾಗಿದೆಯಾ? ನಕ್ಷೆಯಲ್ಲಿ ಬೇರೆ ಕಡೆ ಎಳೆದಿದ್ದಾರಾ? ದೂರದಲ್ಲಿ ಕೂತು ಓದುವವರಿಗೆ ಏನೂ ಮಾಡಲು ಆಗಲ್ಲ. ಈಗ ಇದನ್ನು ನೋಡಿ: "ಕಾಲುದಾರಿಯ ಉತ್ತರದ ತುದಿಗೆ ಕಬ್ಬಿಣದ ಗೇಟು ಹಾಕಿದ್ದಾರೆ. ಬೀಗ ಇದೆ. ಎಡಪಕ್ಕದಲ್ಲಿ ಒಬ್ಬರು ನುಸುಳುವಷ್ಟು ಸಂದಿ ಇದೆ, ಸೈಕಲ್ ಹಿಡಿಸಲ್ಲ. ಭಾನುವಾರ ಬೆಳಿಗ್ಗೆ ನಿಂತು ನೋಡಿದ್ದು." ನಾಲ್ಕೇ ಸಾಲು. ಇದನ್ನು ಓದಿದವರು ನಕ್ಷೆಯನ್ನು ತಿದ್ದಬಹುದು, ನಡೆಯುವವರು ಹೋಗಬಹುದು, ಸೈಕಲ್‌ನವರು ಬೇರೆ ದಾರಿ ಹಿಡಿಯಬಹುದು. ಕೊನೆಯ ಸಾಲು ಎಲ್ಲಕ್ಕಿಂತ ಮುಖ್ಯ. ಯಾವಾಗ ನೋಡಿದ್ದು ಅಂತ ಇಲ್ಲದಿದ್ದರೆ ಆರು ತಿಂಗಳ ನಂತರ ಅದನ್ನು ನಂಬುವುದು ಹೇಗೆ?

ಹಳೇಫೋನು:
ನೀವು ಕೇಳಿದ ಪ್ರಶ್ನೆಗೆ ಫೋನುಗಳಿಗಿಂತ ಜಾಸ್ತಿ ವಯಸ್ಸಾಗಿದೆ ಅಂದರೂ ತಪ್ಪಿಲ್ಲ. 1990ರ ದಶಕದಲ್ಲೇ ಬ್ರಿಟನ್ನಿನ ಕೆಂಟ್ ವಿಶ್ವವಿದ್ಯಾಲಯದಲ್ಲಿ "ಸ್ಟಿಕ್-ಇ ನೋಟ್" ಅಂತ ಮಾಡಿದ್ದರು. ಅಂಗೈಯಗಲದ ಕಂಪ್ಯೂಟರ್ ಹಿಡಿದು ಹೋದರೆ, ಆ ಜಾಗಕ್ಕೆ ಬಂದಾಗ ಅಲ್ಲಿ ಅಂಟಿಸಿದ ಚೀಟಿ ತೆರೆದುಕೊಳ್ಳುತ್ತಿತ್ತು. ಸ್ವೀಡನ್ನಿನ ಸಂಶೋಧಕರು 2001ರ ಹೊತ್ತಿಗೆ "ಜಿಯೋನೋಟ್ಸ್" ಅಂತ ಮಾಡಿದರು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ "ಇ-ಗ್ರಾಫಿಟಿ" ಅನ್ನುವುದನ್ನು 57 ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರ್ ಕೊಟ್ಟು ನೋಡಿದರು. ಫಲಿತಾಂಶ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಜಾಗದ ಬಗ್ಗೆ ಬರೆಯುತ್ತಾರೆ ಅಂತ ಕೊಟ್ಟರೆ, ವಿದ್ಯಾರ್ಥಿಗಳು ಅದನ್ನು ಒಬ್ಬರಿಗೊಬ್ಬರು ಸಂದೇಶ ಕಳಿಸಲಿಕ್ಕೆ ಬಳಸಿದ್ದೇ ಹೆಚ್ಚು. ಜನರಿಗೆ ಹರಟೆ ಬೇಕು. ನಿಮ್ಮ ಗುಂಪಿನಲ್ಲೂ ಹಾಗೇ ಆಗುತ್ತದೆ. ಅದಕ್ಕೇ ಚಾಟ್ ಗುಂಪನ್ನು ಮುಚ್ಚಬೇಡಿ. ಹರಟೆ ಅಲ್ಲಿರಲಿ, ಜಾಗದ ಮಾತು ಮಾತ್ರ ನಕ್ಷೆಗೆ ಬರಲಿ.

ಜಿಪಿಎಸ್ ಇಲ್ಲದೆಯೂ ಇದು ನಡೆದಿದೆ. ಟೊರಾಂಟೊದಲ್ಲಿ 2003ರಲ್ಲಿ "ಮರ್ಮರ್" ಅಂತ ಒಂದು ಯೋಜನೆ ಶುರುವಾಯಿತು. ಬೀದಿ ಕಂಬಗಳಿಗೆ ಕಿವಿಯ ಆಕಾರದ ಹಸಿರು ಫಲಕ, ಅದರ ಮೇಲೆ ಫೋನ್ ನಂಬರ್. ಅಲ್ಲೇ ನಿಂತು ಕರೆ ಮಾಡಿದರೆ ಆ ಜಾಗದ ಬಗ್ಗೆ ಯಾರೋ ಹೇಳಿದ ನೆನಪು ಕೇಳಿಸುತ್ತಿತ್ತು. ಮಾರನೇ ವರ್ಷ ನ್ಯೂಯಾರ್ಕಿನಲ್ಲಿ "ಯೆಲ್ಲೋ ಆ್ಯರೋ" ಬಂತು. ಹಳದಿ ಬಾಣದ ಸ್ಟಿಕ್ಕರ್, ಅದರ ಮೇಲೆ ಒಂದು ಕೋಡ್. ಆ ಕೋಡನ್ನು ಎಸ್‌ಎಂಎಸ್ ಮಾಡಿದರೆ ಸ್ಟಿಕ್ಕರ್ ಅಂಟಿಸಿದವರು ಬಿಟ್ಟುಹೋದ ಮಾತು ಫೋನಿಗೆ ಬರುತ್ತಿತ್ತು.

ನಿಮ್ಮ ಮುಖ್ಯ ಪ್ರಶ್ನೆಗೆ ಒಳ್ಳೆಯ ಉತ್ತರ ಸಿಗುವುದು, ಬಚ್ಚಿಟ್ಟ ಡಬ್ಬಿಯನ್ನು ಜಿಪಿಎಸ್ ಹಿಡಿದು ಹುಡುಕುವ ಜಿಯೋಕ್ಯಾಶಿಂಗ್ ಆಟದಲ್ಲಿ. 2000ದ ಮೇ ಮೊದಲ ದಿನಗಳವರೆಗೆ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸುತ್ತಿತ್ತು. 100 ಮೀಟರ್‌ವರೆಗೂ ತಪ್ಪು ತೋರಿಸುತ್ತಿತ್ತು. ಅದನ್ನು ನಿಲ್ಲಿಸಿದ ಬೆನ್ನಿಗೇ, ಮೇ 3ರಂದು, ಒರೆಗಾನ್‌ನಲ್ಲಿ ಡೇವ್ ಅಲ್ಮರ್ ಅನ್ನುವವರು ಒಂದು ಡಬ್ಬಿ ಬಚ್ಚಿಟ್ಟು ಅದರ ಅಕ್ಷಾಂಶ ರೇಖಾಂಶ ಪ್ರಕಟಿಸಿದರು. ಆಟ ಹುಟ್ಟಿದ್ದು ಹಾಗೆ. ಅದರಲ್ಲಿ ಹುಡುಕಿದವರು "ಸಿಕ್ಕಿತು" ಅಂತ ಬರೆಯುವ ಹಾಗೆ "ಹುಡುಕಿದೆ, ಸಿಗಲಿಲ್ಲ" ಅಂತಲೂ ಬರೆಯುತ್ತಾರೆ. ಈ ಎರಡನೆಯದೇ ಆ ಆಟವನ್ನು ಇಷ್ಟು ವರ್ಷ ಉಳಿಸಿದೆ ಅಂತ ನನ್ನ ನಂಬಿಕೆ. ಸಾಲಾಗಿ ನಾಲ್ಕೈದು ಜನ "ಸಿಗಲಿಲ್ಲ" ಅಂದರೆ ಡಬ್ಬಿ ಇಟ್ಟವರು ಹೋಗಿ ನೋಡಬೇಕು, ಇಲ್ಲವಾದರೆ ಅದನ್ನು ಪಟ್ಟಿಯಿಂದ ತೆಗೆಯುತ್ತಾರೆ. ನಿಮ್ಮ ಗುಂಪಿನಲ್ಲೂ "ಬಂದು ನೋಡಿದೆ, ಕೆಸರು ಇಲ್ಲ" ಅನ್ನುವ ಒಂದು ಬಟನ್ ಇದ್ದರೆ ಅರ್ಧ ಸಮಸ್ಯೆ ಮುಗಿದ ಹಾಗೆ.

ಬಿಸಿಲುಮಳೆ:
ಈ "ಸಿಗಲಿಲ್ಲ" ಅನ್ನುವ ವಿಚಾರ ತುಂಬಾ ಇಷ್ಟವಾಯಿತು. ನಾವೆಲ್ಲ ಏನಾದರೂ ಇದ್ದರೆ ಮಾತ್ರ ಬರೆಯುತ್ತೇವೆ. ಇಲ್ಲ ಅಂತ ಯಾರೂ ಬರೆಯಲ್ಲ.

ನನ್ನದೊಂದು ಸಣ್ಣ ಪ್ರಶ್ನೆ. ನಾನು ಇಡುವ ಪಿನ್ ಎತ್ತರದ ಕಟ್ಟಡಗಳ ನಡುವೆ ಯಾವಾಗಲೂ ರಸ್ತೆಯ ಆಚೆ ಬದಿಗೆ ಹೋಗಿ ಕೂರುತ್ತದೆ. ಫೋನ್ ಹೊಸದು. ಆದರೂ ಯಾಕೆ ಹೀಗೆ?

ಉಪಗ್ರಹ:
ಫೋನಿನ ತಪ್ಪಲ್ಲ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿಂದ ಬರುವ ಸಂಕೇತ ನೆಲ ಮುಟ್ಟುವಾಗ ತೀರಾ ಕ್ಷೀಣವಾಗಿರುತ್ತದೆ. ಕಟ್ಟಡಗಳ ನಡುವೆ ಅದು ನೇರವಾಗಿ ಬರದೆ ಗೋಡೆಗೆ, ಗಾಜಿಗೆ ಬಡಿದು ತಿರುಗಿ ಬರುತ್ತದೆ. ಸಂಕೇತ ಬರಲು ಹಿಡಿದ ಸಮಯದಿಂದಲೇ ಫೋನ್ ದೂರ ಲೆಕ್ಕ ಹಾಕುವುದರಿಂದ, ಬಳಸಿ ಬಂದ ಸಂಕೇತ ನಿಮ್ಮನ್ನು ಆಚೆ ಬದಿಗೆ ತಳ್ಳುತ್ತದೆ. ತೆರೆದ ಬಯಲಿನಲ್ಲಿ ಸ್ಮಾರ್ಟ್‌ಫೋನಿನ ತಪ್ಪು ಸಾಮಾನ್ಯವಾಗಿ 5 ಮೀಟರ್ ಆಸುಪಾಸು. ಕಟ್ಟಡಗಳ ನಡುವೆ ಅದು ಎಷ್ಟಕ್ಕೆ ಬೇಕಾದರೂ ಏರಬಹುದು. 2018ರಿಂದ ಎರಡು ತರಂಗಾಂತರ ಬಳಸುವ ಫೋನುಗಳು ಬರುತ್ತಿವೆ. ಅವು ಸ್ವಲ್ಪ ಮೇಲು, ಪೂರ್ತಿ ಪರಿಹಾರ ಅಲ್ಲ.

ನಕ್ಷೆಯಲ್ಲಿ ನೀಲಿ ಚುಕ್ಕೆಯ ಸುತ್ತ ಒಂದು ತಿಳಿ ವೃತ್ತ ಕಾಣುತ್ತದಲ್ಲ, ಅದನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ. ನೀವು ಆ ವೃತ್ತದ ಒಳಗೆ ಎಲ್ಲೋ ಇದ್ದೀರಿ ಅಂತ ಫೋನ್ ಹೇಳುತ್ತಿದೆ. ಅದೂ ಖಚಿತವಾಗಿ ಅಲ್ಲ. ಆ್ಯಂಡ್ರಾಯ್ಡ್ ಲೆಕ್ಕದಲ್ಲಿ ಆ ಅಂದಾಜು ನಿಜವಾಗುವ ಸಂಭವ ಶೇಕಡ 68. ಅಂದರೆ ಮೂರಕ್ಕೊಂದು ಸಲ ನೀವು ವೃತ್ತದ ಹೊರಗೇ ಇರಬಹುದು.

ಆದ್ದರಿಂದ ಟಿಪ್ಪಣಿ ಇಡುವಾಗ ಪಿನ್ನನ್ನು ಕೈಯಲ್ಲಿ ಎಳೆದು ಸರಿಯಾದ ಜಾಗಕ್ಕೆ ತನ್ನಿ. ಜೊತೆಗೆ ಮಾತಿನಲ್ಲೂ ಗುರುತು ಹೇಳಿ. "ದೊಡ್ಡ ಮರದ ಎದುರು, ರಸ್ತೆಯ ಪೂರ್ವ ಬದಿ, ನೆಲಮಾಳಿಗೆ" ಅಂತ ಬರೆದರೆ ಪಿನ್ ಜಾರಿದರೂ ಓದುವವರು ಜಾಗ ಹುಡುಕಿಕೊಳ್ಳುತ್ತಾರೆ. ಮಹಡಿಯನ್ನಂತೂ ಬರೆಯಲೇಬೇಕು. ಪಿನ್ ಮೇಲಿಂದ ನೋಡಿದ ಹಾಗಿರುತ್ತದೆ, ಮೂರನೇ ಮಹಡಿಯೂ ನೆಲಮಾಳಿಗೆಯೂ ಅದಕ್ಕೆ ಒಂದೇ.

ಗಾಲಿಯಮೇಲೆ:
ನಾನು ಗಾಲಿಕುರ್ಚಿ ಬಳಸುತ್ತೇನೆ. ಹೀಗಾಗಿ ಇದು ನನಗೆ ಹವ್ಯಾಸದ ಮಾತಲ್ಲ. ಮನೆಯಿಂದ ಹೊರಡುವ ಮುಂಚೆ ನಾನು ಓದುವುದೇ ಇಂಥ ಟಿಪ್ಪಣಿಗಳನ್ನು.

ವೀಲ್‌ಮ್ಯಾಪ್ ಅನ್ನುವ ಒಂದು ನಕ್ಷೆ 2010ರಿಂದ ಇದೆ. ಬರ್ಲಿನ್ನಿನವರು ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ಕಟ್ಟಿದ್ದು. ಜಾಗಗಳಿಗೆ ಸಿಗ್ನಲ್ ದೀಪದ ಬಣ್ಣ ಕೊಡುತ್ತಾರೆ. ಹಸಿರು ಅಂದರೆ ಗಾಲಿಕುರ್ಚಿ ಸಲೀಸಾಗಿ ಹೋಗುತ್ತದೆ, ಕೆಂಪು ಅಂದರೆ ಆಗಲ್ಲ. ನಡುವಿನ ಬಣ್ಣ ಬಾಗಿಲಲ್ಲಿ ಹೆಚ್ಚೆಂದರೆ ಒಂದು ಮೆಟ್ಟಿಲು, ಅದೂ 7 ಸೆಂಟಿಮೀಟರ್ ಮೀರದ್ದು ಇರುವ ಜಾಗಕ್ಕೆ. ಈ 7 ಸೆಂಟಿಮೀಟರ್ ಅನ್ನುವುದು ನನಗೆ ಎಷ್ಟು ದೊಡ್ಡ ಉಪಕಾರ ಗೊತ್ತಾ? "ಒಂದು ಸಣ್ಣ ಮೆಟ್ಟಿಲಿದೆ" ಅಂತ ಒಳ್ಳೆ ಮನಸ್ಸಿನಿಂದ ಬರೆದವರಿಗೆ ಸಣ್ಣದು ಅನ್ನಿಸಿದ್ದು ನನಗೆ ಗೋಡೆಯಾಗಿರಬಹುದು. ಅಳತೆ ಹೇಳಿದರೆ ನಾನೇ ತೀರ್ಮಾನ ಮಾಡಿಕೊಳ್ಳುತ್ತೇನೆ.

ಇಳಿಜಾರೂ ಹಾಗೆಯೇ. "ರ‍್ಯಾಂಪ್ ಇದೆ" ಅಂದರೆ ಸಾಲದು. 12 ಅಡಿ ಉದ್ದಕ್ಕೆ 1 ಅಡಿ ಏರುವ ರ‍್ಯಾಂಪನ್ನು ಹಲವು ದೇಶಗಳ ನಿಯಮಗಳು ಮಿತಿ ಅಂತ ಇಟ್ಟುಕೊಂಡಿವೆ. ಅದಕ್ಕಿಂತ ಕಡಿದಾಗಿದ್ದರೆ ಹಿಂದೆ ಒಬ್ಬರು ತಳ್ಳಬೇಕು. ರ‍್ಯಾಂಪಿನ ಬುಡದಲ್ಲಿ ಬೈಕು ನಿಲ್ಲಿಸಿರುತ್ತಾರೆ, ಅದೂ ಬರೆಯಬೇಕಾದ ವಿಷಯವೇ.

ಇನ್ನು ಲಿಫ್ಟ್. "ಲಿಫ್ಟ್ ಕೆಟ್ಟಿದೆ" ಅನ್ನುವ ದಿನಾಂಕವಿಲ್ಲದ ಟಿಪ್ಪಣಿ ನೋಡಿ ಹೊರಡುವುದನ್ನೇ ಬಿಟ್ಟಿದ್ದೇನೆ. ಆಮೇಲೆ ಗೆಳತಿಯೊಬ್ಬಳು ಹೇಳಿದಳು, ಅದು ರಿಪೇರಿಯಾಗಿ ಎಷ್ಟೋ ಕಾಲವಾಗಿದೆಯಂತೆ. ಹಳೇ ಟಿಪ್ಪಣಿಯಿಂದ ಆಗುವ ನಷ್ಟ ಹೀಗಿರುತ್ತದೆ. ನಾನು ಅಲ್ಲಿಗೆ ಹೋಗಲೇ ಇಲ್ಲ, ಹಾಗಾಗಿ ಅದು ತಪ್ಪು ಅಂತ ವರದಿ ಮಾಡುವವರೂ ಇಲ್ಲ. ದಾರಿಹೋಕರೇ, ನಿಮ್ಮ ಗುಂಪಿನಲ್ಲಿ ಕೆಸರಿನ ಟಿಪ್ಪಣಿ ಹಳೆಯದಾದರೆ ಯಾರೋ ಬೇರೆ ದಾರಿ ಹಿಡಿಯುತ್ತಾರೆ, ಅಷ್ಟೇ. ನಮ್ಮಂಥವರಿಗೆ ಬೇರೆ ದಾರಿ ಇರುವುದಿಲ್ಲ.

ದಾರಿಹೋಕ:
ಗಾಲಿಯಮೇಲೆ ಅವರೇ, ಈ ಕೋನದಿಂದ ನಾನು ಯೋಚಿಸಿರಲಿಲ್ಲ. ಟಿಪ್ಪಣಿ ಜನರನ್ನು ಬರದ ಹಾಗೆ ಮಾಡಿದರೆ ಅದನ್ನು ಸರಿಪಡಿಸುವವರೇ ಇರಲ್ಲ. ಹಾಗಾದರೆ "ತಪ್ಪಿದ್ದರೆ ಯಾರಾದರೂ ತಿದ್ದುತ್ತಾರೆ" ಅಂತ ಬಿಡುವ ಹಾಗಿಲ್ಲ. ತಾನಾಗಿಯೇ ಅಳಿಯುವ ಏರ್ಪಾಡು ಬೇಕು.

ನಕ್ಷೆಮನೆ:
ಹೌದು. ಆದರೆ ಎಲ್ಲಕ್ಕೂ ಒಂದೇ ಆಯುಸ್ಸು ಕೊಡಬೇಡಿ. ರಸ್ತೆಗೆ ಮರ ಬಿದ್ದಿದೆ ಅನ್ನುವುದು ಕೆಲವು ಗಂಟೆಗಳ ಮಾತು. ಗೇಟಿಗೆ ಬೀಗ, ಲಿಫ್ಟ್ ರಿಪೇರಿ ವಾರಗಳ ಮಾತು. ಮೆಟ್ಟಿಲಿನ ಎತ್ತರ ವರ್ಷಗಳಾದರೂ ಬದಲಾಗಲ್ಲ. ಮೊದಲನೆಯದನ್ನು ಅದೇ ರಾತ್ರಿ ಅಳಿಸಿ. ಎರಡನೆಯದಕ್ಕೆ ಅವಧಿ ಮುಗಿಯುತ್ತಾ ಬಂದಾಗ ಹತ್ತಿರ ಹೋದವರನ್ನು ಕೇಳಿ. ಮೂರನೆಯದು ಟಿಪ್ಪಣಿಯಾಗಿ ಇರಲೇಬಾರದು, ನಕ್ಷೆಯ ಭಾಗವೇ ಆಗಬೇಕು.

ವಾಹನ ಓಡಿಸುವವರಿಗೆ ದಾರಿ ತೋರಿಸುವ ವೇಜ್ ಆ್ಯಪ್ ಬಳಸಿದವರಿಗೆ ಇದು ಗೊತ್ತಿರುತ್ತದೆ. ಮುಂದೆ ಅಡಚಣೆ ಇದೆ ಅಂತ ಒಬ್ಬರು ಹೇಳಿದರೆ, ಅಲ್ಲಿ ಹಾದುಹೋಗುವವರನ್ನು "ಇನ್ನೂ ಇದೆಯಾ?" ಅಂತ ಕೇಳುತ್ತದೆ. ಇಲ್ಲ ಅಂದವರು ಹೆಚ್ಚಾದರೆ ಅದು ಹೋಗುತ್ತದೆ. ಸ್ಟ್ರೀಟ್‌ಕಂಪ್ಲೀಟ್ ಕೂಡ ಹಳೇ ಮಾಹಿತಿಯನ್ನು ಎತ್ತಿಕೊಂಡು "ಇದು ಈಗಲೂ ಹೀಗೇ ಇದೆಯಾ?" ಅಂತ ಮತ್ತೆ ಕೇಳುತ್ತದೆ. ಏನೂ ಬದಲಾಗಿಲ್ಲ ಅಂದರೂ ಪರಿಶೀಲಿಸಿದ ದಿನಾಂಕ ಮಾತ್ರ ಹೊಸದಾಗುತ್ತದೆ. ನೋಡಿದೆ, ಹಾಗೇ ಇದೆ ಅನ್ನುವುದೂ ಒಂದು ಸುದ್ದಿ. ಗಾಲಿಯಮೇಲೆ ಅವರು ಹೇಳಿದ ತೊಂದರೆಗೆ ಇದೇ ಮದ್ದು. ಲಿಫ್ಟ್ ಬೇಕಿಲ್ಲದವರೂ ಅದರ ಮುಂದೆ ಹಾದುಹೋಗುವಾಗ ಒಂದು ಸಲ ಗುಂಡಿ ಒತ್ತಿ ನೋಡಿ "ಈಗ ಸರಿಯಾಗಿದೆ" ಅಂತ ಗುರುತು ಹಾಕಬಹುದಲ್ವಾ?

ಮುಚ್ಚಿದಕಿಟಕಿ:
ಎಲ್ಲರೂ ಓದುವವರ ಬಗ್ಗೆ ಮಾತಾಡುತ್ತಿದ್ದೀರಿ. ಬರೆಯುವವರ ಬಗ್ಗೆ ನಾನು ಹೇಳುತ್ತೇನೆ.

ಒಬ್ಬಳು ಹೆಂಗಸು ತನ್ನ ಹೆಸರಿನಲ್ಲಿ ಹತ್ತಾರು ಟಿಪ್ಪಣಿ ಇಟ್ಟಿದ್ದಾಳೆ ಅಂದುಕೊಳ್ಳಿ. ಪ್ರತಿಯೊಂದರಲ್ಲೂ ಏನೂ ಇಲ್ಲ. ನಲ್ಲಿ, ಗೇಟು, ದೀಪ. ಆದರೆ ಅವೆಲ್ಲವನ್ನೂ ಒಟ್ಟಿಗೆ ನಕ್ಷೆಯ ಮೇಲೆ ನೋಡಿದವರಿಗೆ ಅವಳ ಮನೆ ಯಾವ ಬೀದಿಯಲ್ಲಿದೆ, ಬೆಳಿಗ್ಗೆ ಯಾವ ಹೊತ್ತಿಗೆ ಎಲ್ಲಿ ಒಬ್ಬಳೇ ನಡೆಯುತ್ತಾಳೆ ಅಂತ ಗೊತ್ತಾಗುತ್ತದೆ. ನೋಡಿದ ಹೊತ್ತನ್ನು ಬರೆಯಿರಿ ಅಂತ ಮೇಲೆ ಹೇಳಿದ್ದೀರಿ. ಓದುವವರಿಗೆ ಅದು ಒಳ್ಳೆಯದು. ಅವಳನ್ನು ಹಿಂಬಾಲಿಸಲು ಬಯಸುವವರಿಗೂ ಅದು ಒಳ್ಳೆಯದೇ.

ಇದು ಸುಮ್ನೆ ಹೆದರಿಕೆ ಅಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 15 ಲಕ್ಷ ಜನರ 15 ತಿಂಗಳ ಮೊಬೈಲ್ ಓಡಾಟದ ದಾಖಲೆ ನೋಡಿದ್ದರು, ಹೆಸರು ತೆಗೆದದ್ದು. ಯಾವ ಗಂಟೆಯಲ್ಲಿ ಯಾವ ಟವರ್ ಬಳಿ ಇದ್ದರು ಅನ್ನುವ ನಾಲ್ಕು ಬಿಂದುಗಳು ಗೊತ್ತಿದ್ದರೆ ಸಾಕು, ಶೇಕಡ 95 ಜನರ ಜಾಡನ್ನು ಉಳಿದವರೆಲ್ಲರಿಂದ ಬೇರೆ ಮಾಡಿ ಗುರುತಿಸಬಹುದಿತ್ತು. ಸ್ಟ್ರಾವ ಆ್ಯಪ್‌ನವರು 2017ರ ಕೊನೆಗೆ ಜಗತ್ತಿನ ಓಟಗಾರರ ಜಾಡನ್ನೆಲ್ಲ ಸೇರಿಸಿ ಒಂದು ನಕ್ಷೆ ಬಿಟ್ಟರು. ಹೆಸರು ಇರಲಿಲ್ಲ. 2018ರ ಜನವರಿಯಲ್ಲಿ ನೋಡಿದರೆ ಮರುಭೂಮಿಯ ನಡುವಿನ ಸೇನಾ ನೆಲೆಗಳ ಆಕಾರವೇ ಅದರಲ್ಲಿ ಬೆಳಗುತ್ತಿತ್ತು.

ಹಾಗಾಗಿ ನಿಮ್ಮ ಗುಂಪಿನಲ್ಲಿ ಬರೆದವರ ಹೆಸರಿಂದ ಹುಡುಕುವ ಸೌಲಭ್ಯವನ್ನೇ ಇಡಬೇಡಿ. ದಿನಾಂಕ ಸಾಕು, ಗಂಟೆ ಬೇಡ. ಆ ಜಾಗ ಬಿಟ್ಟು ಹೊರಟ ಮೇಲೆ ಟಿಪ್ಪಣಿ ಹಾಕಿ, ನಿಂತಲ್ಲೇ ಹಾಕಬೇಡಿ. ಮನೆಯ ಸುತ್ತಮುತ್ತಲಿನದನ್ನು ಬೇರೆ ಬೀದಿಯವರು ಬರೆಯಲಿ. ಫೋಟೋ ಹಾಕುವ ಮುಂಚೆ ಅದರೊಳಗೆ ಸೇರಿಕೊಂಡಿರುವ ಅಕ್ಷಾಂಶ ರೇಖಾಂಶ ತೆಗೆಯಿರಿ. ಬರೀ ಓದುವವರಿಗೆ ಅಂದಾಜು ಲೊಕೇಶನ್ ಸಾಕು. ಐಫೋನಿನಲ್ಲಿ 2020ರಿಂದ, ಆ್ಯಂಡ್ರಾಯ್ಡ್‌ನಲ್ಲಿ 2021ರಿಂದ ಆ್ಯಪ್‌ಗೆ ನಿಖರ ಜಾಗದ ಬದಲು ಅಂದಾಜು ಜಾಗ ಮಾತ್ರ ಕೊಡುವ ಆಯ್ಕೆ ಇದೆ. ಜನ ಅದನ್ನು ಬಳಸುವುದೇ ಇಲ್ಲ.

ಬಿಸಿಲುಮಳೆ:
ಹಾಗಿದ್ದರೆ ಹೆಸರೇ ಇಲ್ಲದೆ ಬರೆಯಲು ಬಿಟ್ಟರೆ ಆಯಿತಲ್ಲ?

ಹಳೇಫೋನು:
ಬೇಡ. ಯಿಕ್ ಯಾಕ್ ಅಂತ 2013ರಲ್ಲಿ ಒಂದು ಆ್ಯಪ್ ಬಂದಿತ್ತು. ಹೆಸರಿಲ್ಲ, ಕೆಲವು ಕಿಲೋಮೀಟರ್ ವ್ಯಾಪ್ತಿಯೊಳಗೆ ಇರುವವರ ಮಾತು ಮಾತ್ರ ಕಾಣುತ್ತಿತ್ತು. ಕಾಲೇಜುಗಳಲ್ಲಿ ಹುಚ್ಚಿನಂತೆ ಹಬ್ಬಿತು. ಬೈಗುಳ, ಬೆದರಿಕೆ, ಒಬ್ಬರನ್ನೇ ಗುರಿ ಮಾಡಿ ಕಾಡುವುದು ಅಷ್ಟೇ ಬೇಗ ಹಬ್ಬಿತು. ಶಾಲೆಗಳ ಸುತ್ತ ಆ್ಯಪ್ ಕೆಲಸ ಮಾಡದ ಹಾಗೆ ಅವರೇ ಬೇಲಿ ಹಾಕಬೇಕಾಯಿತು. 2017ರಲ್ಲಿ ಮುಚ್ಚಿದರು, 2021ರಲ್ಲಿ ಮತ್ತೆ ತೆರೆದರು. ದೂರದವರ ಬೈಗುಳಕ್ಕಿಂತ ಹತ್ತಿರದವರ ಬೈಗುಳ ಜಾಸ್ತಿ ಹೆದರಿಸುತ್ತದೆ. ಬರೆದವರು ಇಲ್ಲೇ ಪಕ್ಕದಲ್ಲೆಲ್ಲೋ ಇದ್ದಾರೆ ಅಂತ ಗೊತ್ತಿರುತ್ತದಲ್ಲ.

ಮುಚ್ಚಿದಕಿಟಕಿ:
ಒಪ್ಪುತ್ತೇನೆ. ಗುಂಪು ನೋಡಿಕೊಳ್ಳುವವರಿಗೆ ಬರೆದವರು ಯಾರು ಅಂತ ಗೊತ್ತಿರಲಿ. ಓದುವವರಿಗೆ ಗೊತ್ತಾಗುವುದು ಬೇಡ. ಕಿರುಕುಳದ ವರದಿ ತೆಗೆದುಕೊಳ್ಳುವ ನಕ್ಷೆಗಳಲ್ಲಿ, ಈಜಿಪ್ಟಿನಲ್ಲಿ 2010ರಲ್ಲಿ ಶುರುವಾದ ಹರಾಸ್‌ಮ್ಯಾಪ್, ಭಾರತದಲ್ಲಿ 2012ರಲ್ಲಿ ಬಂದ ಸೇಫ್‌ಸಿಟಿ ಇವುಗಳಲ್ಲಿ, ಹೆಸರು ಹೇಳದೆ ಬರೆಯಬಹುದು. ಅಲ್ಲಿ ಅದು ಬೇಕೇ ಬೇಕು. ಹೆಸರು ಕೇಳಿದರೆ ಯಾರೂ ಬರೆಯಲ್ಲ.

ಇನ್ನೊಂದು ನಿಯಮವನ್ನು ಬರೆದಿಡಿ ಅಂತ ಬೇಡಿಕೊಳ್ಳುತ್ತೇನೆ. ಟಿಪ್ಪಣಿ ಜಾಗದ ಬಗ್ಗೆ ಇರಲಿ, ಜನರ ಬಗ್ಗೆ ಬೇಡ. "ಈ ಮನೆಯವರು ಜಗಳಗಂಟರು", "ಇಲ್ಲಿ ಅಜ್ಜಿ ಒಬ್ಬರೇ ಇರುತ್ತಾರೆ, ನೀರು ಕೊಡುತ್ತಾರೆ" ಎರಡೂ ಬೇಡ. ಎರಡನೆಯದು ಪ್ರೀತಿಯಿಂದ ಬರೆದದ್ದೇ. ಆದರೆ ಅಜ್ಜಿ ಒಬ್ಬರೇ ಇರುವುದನ್ನು ಎಲ್ಲರಿಗೂ ಸಾರಿದ ಹಾಗಾಯಿತು. ಹಾಗೆಯೇ "ಈ ಕೇರಿ ಅಪಾಯ" ಅಂತ ಬರೆಯಬೇಡಿ. ದೀಪ ಇಲ್ಲ, ಜನಸಂಚಾರ ಇಲ್ಲ ಅಂತ ಕಂಡದ್ದನ್ನು ಬರೆಯಿರಿ. ದೀಪ ಹಾಕಿದ ದಿನ ಆ ಟಿಪ್ಪಣಿ ಹೋಗುತ್ತದೆ. "ಅಪಾಯ" ಅನ್ನುವ ಹಣೆಪಟ್ಟಿಯನ್ನು ಯಾವ ಆಧಾರದ ಮೇಲೆ ತೆಗೆಯುತ್ತೀರಿ? ಅಲ್ಲಿ ಬದುಕುವವರು ಅದನ್ನು ಹೊತ್ತುಕೊಂಡೇ ಇರಬೇಕಾಗುತ್ತದೆ.

ಕೋಡುಗಾರ:
ಆ್ಯಪ್ ಬರೆಯುವವನಾಗಿ ಒಂದು ಮಾತು. ಇಂಥ ಗುಂಪುಗಳು ನಮ್ಮ ಹತ್ತಿರ ಬಂದು ಮೊದಲು ಕೇಳುವುದು "ಟಿಪ್ಪಣಿ ಇರುವ ಜಾಗಕ್ಕೆ ಹೋದ ತಕ್ಷಣ ಫೋನ್ ತಾನಾಗಿ ಟಿಂಗ್ ಅನ್ನಬೇಕು" ಅಂತ. ಕೇಳಲು ಚೆಂದ. ಆದರೆ ಆ್ಯಂಡ್ರಾಯ್ಡ್‌ನಲ್ಲಿ ಒಂದು ಆ್ಯಪ್ ಒಮ್ಮೆಗೆ 100 ಜಾಗಗಳನ್ನು ಮಾತ್ರ ಹೀಗೆ ಕಾಯಬಹುದು, ಐಫೋನಿನಲ್ಲಿ 20. ಕಾಯುವ ವೃತ್ತ ಕನಿಷ್ಠ 100ರಿಂದ 150 ಮೀಟರ್ ಇರಲಿ ಅಂತ ಗೂಗಲ್‌ನವರೇ ಹೇಳುತ್ತಾರೆ. ಬ್ಯಾಟರಿ ಉಳಿಸಲು ಫೋನ್ ಆಗಾಗ ಮಾತ್ರ ಜಾಗ ನೋಡುವುದರಿಂದ, ಆ್ಯಪ್ ಮುಚ್ಚಿದ್ದಾಗ ಸೂಚನೆ ಎರಡು ಮೂರು ನಿಮಿಷ ತಡವಾಗಿ ಬರುತ್ತದೆ. ಗಂಟೆಗೆ 5 ಕಿಲೋಮೀಟರ್ ನಡೆಯುವವರು ಮೂರು ನಿಮಿಷದಲ್ಲಿ 250 ಮೀಟರ್ ಮುಂದೆ ಹೋಗಿರುತ್ತಾರೆ. ಜಾರುವ ಮೆಟ್ಟಿಲು ಹಿಂದೆ ಉಳಿದ ಮೇಲೆ "ಮೆಟ್ಟಿಲು ಜಾರುತ್ತದೆ" ಅಂತ ಬರುತ್ತದೆ. ಅದರ ಬದಲು ಹೊರಡುವ ಮುಂಚೆ ದಾರಿಯುದ್ದಕ್ಕೂ ಇರುವ ಟಿಪ್ಪಣಿಗಳನ್ನು ಇಳಿಸಿಕೊಂಡು ಓದುವುದು ಎಷ್ಟೋ ವಾಸಿ.

ನೆಟ್‌ವರ್ಕ್ ಇಲ್ಲದ ಕಡೆಯೂ ಟಿಪ್ಪಣಿ ಬರೆಯುವ ಹಾಗಿರಬೇಕು. ಆಗ ಕಂಡ ದಿನ ಬೇರೆ, ಅದು ಮೇಲೆ ಹೋದ ದಿನ ಬೇರೆ. ಎರಡನ್ನೂ ಬೇರೆ ಬೇರೆ ಉಳಿಸಿಕೊಳ್ಳಿ. ಅವಧಿಯ ಲೆಕ್ಕ ಶುರುವಾಗಬೇಕಾದದ್ದು ಕಂಡ ದಿನದಿಂದ. ಇಲ್ಲದಿದ್ದರೆ ಕಾಡಿನಿಂದ ವಾರ ಬಿಟ್ಟು ಬಂದವರ ಹಳೇ ಸುದ್ದಿ ಹೊಸದರ ವೇಷ ಹಾಕಿ ಕೂರುತ್ತದೆ.

ಹೊಸದಾಗಿ ಆ್ಯಪ್ ಬರೆಸಬೇಡಿ. ಯುಮ್ಯಾಪ್ ಅಂತ ಇದೆ, ಓಪನ್‌ಸ್ಟ್ರೀಟ್‌ಮ್ಯಾಪ್ ಮೇಲೆ ನಿಮ್ಮದೇ ಪಿನ್ನುಗಳ ನಕ್ಷೆ ಮಾಡಿಕೊಳ್ಳಬಹುದು. ಫೋನಿನ ಬ್ರೌಸರಿನಲ್ಲೇ ತೆರೆಯುತ್ತದೆ. ಕೊಂಡಿ ಇದ್ದವರಿಗೆ ಮಾತ್ರ ಕಾಣುವ ಹಾಗೆ ಇಡಬಹುದು. ಎಲ್ಲಕ್ಕಿಂತ ದೊಡ್ಡ ವಿಷಯ, ನಿಮ್ಮ ಟಿಪ್ಪಣಿಗಳನ್ನೆಲ್ಲ ಯಾವಾಗ ಬೇಕಾದರೂ ಫೈಲಾಗಿ ಇಳಿಸಿಕೊಳ್ಳಬಹುದು.

ಹಳೇಫೋನು:
ಕೋಡುಗಾರರ ಕೊನೆಯ ಮಾತಿಗೆ ನನ್ನ ಪೂರ್ತಿ ಬೆಂಬಲ. 2009ರಲ್ಲಿ ಬಂದ ಫೋರ್‌ಸ್ಕ್ವೇರ್‌ನಲ್ಲಿ ಜನ ಜಾಗಗಳ ಬಗ್ಗೆ ವರ್ಷಗಟ್ಟಲೆ ಪುಟ್ಟ ಪುಟ್ಟ ಸಲಹೆ ಬರೆದರು. ಅದರ ಸಿಟಿ ಗೈಡ್ ಆ್ಯಪನ್ನು 2024ರ ಡಿಸೆಂಬರ್‌ನಲ್ಲಿ ಮುಚ್ಚಿದರು. ನಾವಿರುವ ಜಾಗವನ್ನು ಗೆಳೆಯರಿಗೆ ತೋರಿಸುತ್ತಿದ್ದ ಗೂಗಲ್ ಲ್ಯಾಟಿಟ್ಯೂಡ್ 2009ರಲ್ಲಿ ಬಂದು 2013ರಲ್ಲಿ ಹೋಯಿತು. ಫೋರ್‌ಸ್ಕ್ವೇರ್ ಥರದ್ದೇ ಗೊವಾಲ ಅಂತ ಒಂದು ಇತ್ತು, ಅದನ್ನು 2012ಕ್ಕೇ ಮುಚ್ಚಿದ್ದರು. ಜಾಗ ಅಲ್ಲೇ ಇದೆ, ಬರೆದದ್ದು ಹೋಯಿತು. ಫೈಲಾಗಿ ಹೊರತೆಗೆಯಲು ಬಿಡದ ಕಡೆ ಒಂದಕ್ಷರವನ್ನೂ ಹಾಕಬೇಡಿ.

ಹೊಸಬಳು:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ನಮ್ಮ ಗುಂಪಿನಲ್ಲಿ ವಯಸ್ಸಾದವರು ಇದ್ದಾರೆ. ಅವರಿಗೆ ಟೈಪ್ ಮಾಡುವುದು ಕಷ್ಟ, ಕೆಲವರ ಹತ್ತಿರ ಸ್ಮಾರ್ಟ್‌ಫೋನೇ ಇಲ್ಲ. ಆದರೆ ದಾರಿಗಳ ಬಗ್ಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೇ. ಅವರನ್ನು ಬಿಟ್ಟು ಈ ನಕ್ಷೆ ಮಾಡಿದರೆ ಏನು ಚೆಂದ?

ನಕ್ಷೆಮನೆ:
ಬಿಡಬೇಕಾಗಿಲ್ಲ. 2008ರಲ್ಲಿ ಕೀನ್ಯಾದಲ್ಲಿ ಚುನಾವಣೆಯ ನಂತರ ಗಲಭೆ ಎದ್ದಾಗ ಉಶಾಹಿದಿ ಅನ್ನುವ ವೇದಿಕೆ ಕಟ್ಟಿದರು. ಜನ ಎಸ್‌ಎಂಎಸ್‌ನಲ್ಲಿ, ಇಮೇಲಿನಲ್ಲಿ ಕಳಿಸಿದ್ದನ್ನು ಸ್ವಯಂಸೇವಕರು ಓದಿ, ಜಾಗ ಗುರುತಿಸಿ, ನಕ್ಷೆಯ ಮೇಲೆ ಇಡುತ್ತಿದ್ದರು. ನಿಮ್ಮ ಹಿರಿಯರು ಧ್ವನಿ ಸಂದೇಶ ಕಳಿಸಲಿ, ಇಲ್ಲ ಫೋನಿನಲ್ಲಿ ಹೇಳಲಿ. ಪಿನ್ ಇಡುವ ಕೆಲಸ ಇಬ್ಬರು ಹೊತ್ತುಕೊಳ್ಳಿ. ಇಡುವ ಮುಂಚೆ ಅವರಿಗೆ ಒಮ್ಮೆ ಓದಿ ಹೇಳಿ. ಆಗ ಅವರು "ಆ ನಲ್ಲಿ ಅಲ್ಲಪ್ಪ, ಅದರ ಹಿಂದಿನದು" ಅಂತ ತಿದ್ದುತ್ತಾರೆ.

ದಾರಿಹೋಕ:
ಎಲ್ಲರಿಗೂ ಮನಸಾರೆ ಧನ್ಯವಾದ. ಇಲ್ಲಿ ಓದಿದ್ದನ್ನೆಲ್ಲ ಗುಂಪಿನ ಮುಂದೆ ಇಟ್ಟೆ. ಯುಮ್ಯಾಪಿನಲ್ಲಿ ಒಂದು ಖಾಸಗಿ ನಕ್ಷೆ ಮಾಡಿದ್ದೇವೆ. ಪ್ರತಿ ಟಿಪ್ಪಣಿಯಲ್ಲೂ ಕಂಡ ದಿನ ಇರಲೇಬೇಕು. ತಾತ್ಕಾಲಿಕ ಸುದ್ದಿಗೆ ಒಂದು ಬಣ್ಣ, ಉಳಿದದ್ದಕ್ಕೆ ಒಂದು. ತಾತ್ಕಾಲಿಕದ್ದನ್ನು ತಿಂಗಳೊಳಗೆ ಯಾರೂ ಮತ್ತೆ ನೋಡದಿದ್ದರೆ ನೋಡಿಕೊಳ್ಳುವವರು ತೆಗೆಯುತ್ತಾರೆ. ಸದ್ಯಕ್ಕೆ ಕೈಯಿಂದಲೇ. ಗೇಟು, ಮೆಟ್ಟಿಲಿನ ಎತ್ತರ ಇಂಥ ಗಟ್ಟಿ ಸಂಗತಿಯನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸೇರಿಸುತ್ತಿದ್ದೇವೆ.

ಒಂದು ಟಿಪ್ಪಣಿ ಹೇಗೆ ಬೆಳೆಯಿತು ಅಂತ ಹಾಗೇ ಕೊಡುತ್ತೇನೆ. ಮೊದಲು ಒಬ್ಬರು: "ಕಾಲುಸೇತುವೆಯ ಕೊನೆಯ ಹಲಗೆ ಸಡಿಲವಾಗಿದೆ." ಮೂರು ದಿನದ ನಂತರ ಇನ್ನೊಬ್ಬರು: "ಸಡಿಲವಾಗಿರುವುದು ಪಶ್ಚಿಮದ ತುದಿಯದು. ಬಲಬದಿಯಲ್ಲಿ ಕಾಲಿಟ್ಟರೆ ಅಲುಗಲ್ಲ." ಅದಾದ ಮೇಲೆ ಮತ್ತೊಬ್ಬರು: "ಮೊಳೆ ಹೊಡೆದಿದ್ದಾರೆ. ನಿಂತು ನೋಡಿದೆ, ಗಟ್ಟಿಯಾಗಿದೆ." ಮಾರನೇ ದಿನ ಅದನ್ನು ತೆಗೆದೆವು. ಚಾಟ್ ಗುಂಪಿನಲ್ಲಿ ಈ ಮೂರು ಮಾತು ಎಂದೂ ಒಂದರ ಪಕ್ಕ ಒಂದು ಬರುತ್ತಿರಲಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಗುಂಪು ಬಿಟ್ಟು ಹೋದವರು ಬರೆದದ್ದನ್ನು ಏನು ಮಾಡಬೇಕು?

ಮುಚ್ಚಿದಕಿಟಕಿ:
ಅವರನ್ನೇ ಕೇಳಿ. ತೆಗೆಯಿರಿ ಅಂದರೆ ಅವರ ಮಾತು, ಫೋಟೋ ಎರಡನ್ನೂ ತೆಗೆಯಿರಿ, ಕಾರಣ ಕೇಳಬೇಡಿ. ಇರಲಿ ಅಂದರೆ ಹೆಸರು ಮಾತ್ರ ಅಳಿಸಿ. ಅವರು ಹೇಳಿದ ಸಂಗತಿ ಬೇಕೇ ಬೇಕು ಅನ್ನಿಸಿದರೆ ಬೇರೆಯವರು ಹೋಗಿ ಕಣ್ಣಾರೆ ನೋಡಿ, ತಮ್ಮ ಮಾತಿನಲ್ಲಿ ಹೊಸದಾಗಿ ಬರೆಯಲಿ. ಇಳಿಸಿಟ್ಟುಕೊಂಡ ಹಳೇ ಫೈಲುಗಳಲ್ಲೂ ಅವರ ಹೆಸರು ಇರುತ್ತದೆ, ಅದನ್ನು ಮರೆಯಬೇಡಿ.

ಗಾಲಿಯಮೇಲೆ:
ದಾರಿಹೋಕರೇ, ಆ ಕಾಲುಸೇತುವೆಯ ಅಗಲ ಎಷ್ಟು ಅಂತ ಮುಂದಿನ ಸಲ ಯಾರಾದರೂ ಅಳೆದು ಬರೆಯುತ್ತೀರಾ? ಹಲಗೆಗಳ ನಡುವಿನ ಸಂದಿಯೂ ಬೇಕು. ಮುಂದಿನ ಸಣ್ಣ ಗಾಲಿ ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.